ನೂರಕ್ಕೆ ಎಂಬತ್ತೈದು

ಕರೆದವರೆಲ್ಲ ಬರುವುದಿಲ್ಲ. ಅಣ್ಣನ ಅಡುಗೆ ಕಂಟ್ರಾಕ್ಟು ಹನ್ನೊಂದು ವರ್ಷ ಈ ಒಂದು ಮಾತಿನ ಮೇಲೆ ನಿಂತಿತ್ತು. ಗಿರಾಕಿ ನೂರು ಜನ ಎಂದರೆ ನಾವು ಎಂಬತ್ತೈದು ತಟ್ಟೆಗೆ ಬೇಯಿಸುತ್ತಿದ್ದೆವು. ದುಡ್ಡು ಮಾತ್ರ ನೂರಕ್ಕೆ.

ಆ ಎಂಬತ್ತೈದನ್ನು ಕಂಡುಹಿಡಿದವಳು ನಾನು. ಕಾಲೇಜು ಬಿಡಿಸಿ ಅಣ್ಣ ನನ್ನನ್ನು ಅಡುಗೆಮನೆ ಪಕ್ಕದ ಸ್ಟೋರಿನಲ್ಲಿ ಕೂರಿಸಿದ ಮೊದಲ ವಾರವೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೆ. ಬೆಲೆ ಏರಿದ ಹಾಗೆ ಅಂಕಿಗಳನ್ನು ಅಳಿಸಿ ತಿದ್ದುತ್ತಿದ್ದೆ. ಈಗ ಹೀಗಿತ್ತು: ಖರ್ಚು = 9000 + 140x. ಒಂಬತ್ತು ಸಾವಿರ ಅಂದರೆ ವ್ಯಾನು, ಗ್ಯಾಸು, ಬಡಿಸುವವರ ಕೂಲಿ. ನೂರನಲವತ್ತು ಒಂದು ತಟ್ಟೆಗೆ. x ಅಂದರೆ ಕರೆದವರಲ್ಲ, ನಿಜಕ್ಕೂ ಉಣ್ಣುವವರು, ನೂರಕ್ಕೆ ಎಂಬತ್ತೈದು. ನನ್ನ ಸಂಬಳ ಇದರಲ್ಲಿ ಎಲ್ಲೂ ಇರಲಿಲ್ಲ. ಅದು ನನ್ನ ಕಣ್ಣಿಗೆ ಬೀಳಲು ಏಳು ವರ್ಷ ಬೇಕಾಯಿತು. ಲೆಕ್ಕದಲ್ಲಿ ಜಾಣೆ ಎಂಬ ಹೆಸರು ಬೇರೆ.

ಕಾರ್ಖಾನೆಯ ಬಸ್ಸು ಓಡಿಸುವವನೊಬ್ಬ ನನ್ನನ್ನು ಮದುವೆಯಾಗುತ್ತೇನೆಂದ. ತಾರೀಖು ಗೊತ್ತುಮಾಡಲು ಅವನ ಕಡೆಯವರೆಲ್ಲ ನಮ್ಮಲ್ಲಿ ಊಟಕ್ಕೆ ಬರುವುದೆಂದಾಯಿತು. ಅವನಿಗೆ ಗೋಡೆ ತೋರಿಸಿದೆ. ನಕ್ಕ.

"ನಮ್ಮೋರ ಹತ್ರ ಇದು ನಡೆಯಲ್ಲ ಕಣೇ. ಎರಡು ಬಸ್ಸು, ಎಂಬತ್ತು ಸೀಟು, ಎಂಬತ್ತು ಹೊಟ್ಟೆ. ದಾರೀಲಿ ಯಾರನ್ನೂ ಇಳಿಸಲ್ಲ."

ಅಡುಗೆಯ ಚೀಟಿಯಲ್ಲಿ ಎಂಬತ್ತು ಎಂದೇ ಬರೆದು, ಕೆಳಗೆ ಎರಡು ಗೆರೆ ಎಳೆದು ಅಣ್ಣನ ಕೈಗೆ ಕೊಟ್ಟೆ. ಏನೂ ಕಳೆಯದೆ ನಾನು ಕೊಟ್ಟ ಮೊದಲ ಚೀಟಿ ಅದು.

ಊಟದ ದಿನ ಬೆಳಗಿನಿಂದ ಅಡುಗೆಮನೆಗೆ ಕಾಲಿಡಲಿಲ್ಲ. ಹೊಸ ಬಟ್ಟೆ ತೊಟ್ಟು ಬಾಗಿಲಲ್ಲಿ ನಿಂತೆ. ಎರಡೂ ಬಸ್ಸು ತುಂಬಿ ಬಂದವು. ಇದ್ದದ್ದು ಇಪ್ಪತ್ತು ಕುರ್ಚಿ, ಸರದಿಯ ಮೇಲೆ ಕೂತರು. ನಾಲ್ಕನೇ ಸರದಿಯಲ್ಲಿ ಎಂಟು ತಟ್ಟೆ ತುಂಬಿದ ಮೇಲೆ ಸೌಟು ಪಾತ್ರೆಯ ತಳ ಕೆರೆಯುವ ಸದ್ದು ಕೇಳಿಸಿತು. ಉಳಿದ ಹನ್ನೆರಡು ಮಂದಿಯಲ್ಲಿ ಅವನಿದ್ದ. ಎಲ್ಲರನ್ನೂ ಕೂರಿಸಿ ಕೊನೆಗೆ ಕೂತ ಅವನ ತಾಯಿಯೂ ಇದ್ದರು.

ಒಳಗೆ ಓಡಿದೆ. ಅಣ್ಣ ಕೈ ಒರೆಸಿಕೊಳ್ಳುತ್ತಿದ್ದ.

"ಅರವತ್ತೆಂಟಕ್ಕೆ ಮಾಡಿಸ್ದೆ. ನೀನೇ ಕಲಿಸಿದ್ದಲ್ವಾ?"

"ಎರಡು ಗೆರೆ ಎಳೆದಿದ್ದೆ."

"ನೋಡ್ದೆ. ಮದುವೆ ಖುಷೀಲಿ ಕಳೆಯೋದು ಮರೆತಿದ್ದೀಯ ಅಂದ್ಕೊಂಡೆ."

ಅಂಗಡಿಯಿಂದ ಬ್ರೆಡ್ಡು ತರಿಸಿದೆ. ಅಷ್ಟರಲ್ಲಿ ಅವನ ತಾಯಿ ಎದ್ದು ಕೈ ತೊಳೆದಿದ್ದರು, ಉಂಡವರ ಹಾಗೆ.

"ಅಡುಗೆ ರುಚಿಯಾಗಿತ್ತಂತೆ ಮಗಳೇ. ತಿಂದೋರು ಹೇಳಿದ್ರು. ಹನ್ನೆರಡು ಜನ ಹೆಚ್ಚು ಅಂತ ಮೊದ್ಲೇ ಒಂದು ಮಾತು ಹೇಳಿದ್ರೆ ಮನೇಲೇ ಬಿಟ್ಟು ಬರ್ತಿದ್ವಿ," ಎಂದರು.

ಅವನು ಬಸ್ಸಿನ ಹತ್ತಿರ ನನ್ನನ್ನು ನಿಲ್ಲಿಸಿ ಕೇಳಿದ. "ನಮಗೂ ಅದೇ ಲೆಕ್ಕನಾ?"

"ನಾನು ಎಂಬತ್ತೇ ಬರೆದಿದ್ದೆ."

"ಗೋಡೆ ಮೇಲಿರೋದು ಯಾರ ಕೈಬರಹ?"

ತಾರೀಖಿನ ಮಾತು ಬರಲೇ ಇಲ್ಲ. ಐದನೇ ದಿನ ಅವನ ಫೋನ್ ಬಂತು. ಅಮ್ಮನಿಗೆ ಮನಸ್ಸಿಲ್ಲ, ಸದ್ಯಕ್ಕೆ ಬೇಡ ಎಂದ. ಸದ್ಯ ಎಂದರೆ ಎಷ್ಟು ದಿನ ಎಂದು ನಾನು ಕೇಳಲಿಲ್ಲ.

ಗೋಡೆಯ ಮುಂದೆ ಕೂತು ಲೆಕ್ಕ ಹಾಕಿದೆ. ಹನ್ನೆರಡು ತಟ್ಟೆ, ತಟ್ಟೆಗೆ ನೂರನಲವತ್ತು. ಸಾವಿರದ ಆರುನೂರ ಎಂಬತ್ತು. ಕೆಲಸದ ಆಳನ್ನು ಉಳಿಸಿಕೊಳ್ಳಬೇಕೆಂದರೆ ಯಾರೇ ಆದರೂ ಕೈಯಿಂದ ದುಡ್ಡು ಹಾಕಬೇಕಾಗುತ್ತದೆ. ಅಣ್ಣನಿಗೆ ನನ್ನನ್ನು ಉಳಿಸಿಕೊಂಡದ್ದರಲ್ಲೂ ಇಷ್ಟು ಮಿಕ್ಕಿತ್ತು. ಬೇಕೆಂದೇ ಮಾಡಿದನೋ, ಅಭ್ಯಾಸಬಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡಕ್ಕೂ ಉತ್ತರ ಅಷ್ಟೇ ಬರುತ್ತದೆ.

ಅಣ್ಣ ಫೋನಿನ ಬಾಯಿಗೆ ಅಂಗೈ ಮುಚ್ಚಿಕೊಂಡು ಒಳಗೆ ಬಂದ. "ಇನ್ನೂರು ಜನ ಅಂತೆ. ಎಷ್ಟಕ್ಕೆ ಮಾಡೋಣ?"

"ನೂರ ಎಪ್ಪತ್ತು."

ತುಟಿ ಕಚ್ಚಿಕೊಳ್ಳುವಷ್ಟರಲ್ಲಿ ಹೇಳಿಯಾಗಿತ್ತು.

"ನೀನಿಲ್ದಿದ್ರೆ ನನ್ನ ಗತಿ ಏನು ಹೇಳು," ಎಂದು ಅಣ್ಣ ಈರುಳ್ಳಿ ಚೀಲವನ್ನು ಕಾಲಿನಿಂದ ನನ್ನ ಕಡೆಗೆ ಸರಿಸಿದ.