ಬಾಗಿಲು ತಟ್ಟಿ ನೋಡಿದರೆ ಬ್ಯಾಟರಿ ತಿಳಿಯುತ್ತದೆಯೇ?

ಹೊನ್ನಾಳಿಯಲ್ಲಿ ಮದುವೆ ಬಿರಿಯಾನಿ ಎಂದರೆ ನಮ್ಮ ಅಬ್ಬಾ ಬುಡನ್‌ಸಾಬ್ ಮತ್ತು ಅಣ್ಣ ಫಯಾಜ್. ಕೈರುಚಿಗೆ ಕೊರತೆಯಿಲ್ಲ. ಆದರೆ ಪಾತ್ರೆ ಸಾಗಿಸಲು ಬಾಡಿಗೆ ಟೆಂಪೋ ನಂಬಿ ಕೂತರೆ ಏನಾಗುತ್ತದೆ ಎಂಬುದು ನಿಮಗೂ ಗೊತ್ತು. ಹೋದ ವರ್ಷ ನ್ಯಾಮತಿಯ ಮದುವೆಗೆ ಟೆಂಪೋ ಎರಡು ಗಂಟೆ ತಡವಾಗಿ ಬಂತು. ಹಸಿದ ಬೀಗರು ಎದ್ದು ಹೊರಟರು, ಹುಡುಗಿಯ ತಂದೆ ಅವರ ಹಿಂದೆ ಕೈ ಮುಗಿದುಕೊಂಡು ಓಡಿದರು. ಇನ್ನೊಂದು ಸಲ ಹೀಗಾದರೆ ನಮ್ಮನ್ನು ಯಾರೂ ಕರೆಯುವುದಿಲ್ಲ. ಅದಕ್ಕೇ ಅಣ್ಣ ಸ್ವಂತ ಗಾಡಿ ಕೊಳ್ಳಲು ಹೊರಟ.

ಹೊರಟಿದ್ದು ಸರಿ. ಹೊರಟ ರೀತಿ ಕೇಳಿದರೆ ನಿಮಗೂ ತಲೆ ಬಿಸಿಯಾದೀತು.

ಚನ್ನಗಿರಿಯ ಸುದೀಪ್ ಎಂಬವರು ತಮ್ಮ ಎಲೆಕ್ಟ್ರಿಕ್ ಕಾರು ಮಾರುತ್ತಿದ್ದರು. ಹಿಂದಿನ ಸೀಟು ಮಡಚಿದರೆ ಬಿರಿಯಾನಿ ಬೇಯಿಸುವ ದೊಡ್ಡ ಪಾತ್ರೆ, ಅಂದರೆ ದೇಗು, ಎರಡು ಹಿಡಿಸುವಷ್ಟು ಉದ್ದದ ಡಿಕ್ಕಿ. ಕಂಪನಿ ಹೊಸದು, ಅದರ ಸರ್ವಿಸ್ ಸೆಂಟರ್ ನಮ್ಮ ಜಿಲ್ಲೆಯಲ್ಲೇ ಇಲ್ಲ. ಅಣ್ಣ ಡೀಸೆಲ್ ಗಾಡಿ ಮೆಕ್ಯಾನಿಕ್ ಪರಶುರಾಮ್ ಅವರನ್ನು ಕರೆದುಕೊಂಡು ಹೋಗಿ ನೋಡಿ ಬಂದ. ನಾನು ಅವನ ತಂಗಿ ರುಹೀನಾ. ಐದು ವರ್ಷದಿಂದ ಎಲೆಕ್ಟ್ರಿಕ್ ಆಟೋ ರಿಪೇರಿ ಮಾಡುತ್ತಿದ್ದೇನೆ. ನನ್ನನ್ನು ಒಂದು ಮಾತು ಕೇಳಲಿಲ್ಲ!

“ಕಾರು ಹೆಂಗೈತೆ ಭಾಯ್?” ಎಂದೆ.

“ಹೊಸದಿದ್ದಂಗೇ ಐತೆ. ಪರಶುರಾಮಣ್ಣ ಬಾಗ್ಲು ತಟ್ಟಿ ನೋಡಿದ್ರು, ಟೈರ್ ನೋಡಿದ್ರು, ಬಗ್ಗಿ ಕೆಳಗೂ ನೋಡಿದ್ರು. ಒಂದು ಹನಿ ಇಂಜಿನ್ ಆಯಿಲ್ ಸೋರಿಲ್ಲ!”

“ಅದ್ರಾಗೆ ಇಂಜಿನ್ನೇ ಇಲ್ಲ ಭಾಯ್. ಎಲ್ಲಿಂದ ಸೋರಬೇಕು?”

“ಎಲ್ಲದ್ರಾಗೂ ಕೊಂಕು ತೆಗೀಬ್ಯಾಡ.”

“ಬ್ಯಾಟರಿ ಎಷ್ಟು ಸವೆದೈತೆ, ಕೇಳ್ದ್ಯಾ?”

“ಫುಲ್ ಚಾರ್ಜ್‌ಗೆ ಮುನ್ನೂರು ಕಿಲೋಮೀಟರ್ ಅಂತ ಅವ್ರೇ ಹೇಳಿದ್ರು.”

“ಬಾಯಲ್ಲಿ ಹೇಳೋದಲ್ಲ. ಕಂಪನಿಯೋರು ಚೆಕ್ ಮಾಡಿ ಕೊಡೋ ರಿಪೋರ್ಟ್ ಬೇಕು. ವಾರಂಟಿ ನಿನ್ನ ಹೆಸ್ರಿಗೆ ಬರ್ತೈತಾ? ಕೆಟ್ರೆ ಎಲ್ಲಿಗೆ ಒಯ್ತೀಯ?”

“ಶುಕ್ರವಾರ ನಮಾಜ್ ಮುಗ್ಸಿ ದುಡ್ಡು ಕೊಡಾಕೆ ಬರ್ತೀನಿ ಅಂತ ಮಾತು ಕೊಟ್ಟೀನಿ. ಮುಂದಿನ ತಿಂಗ್ಳು ಜಗಳೂರು ಮದ್ವೆ ಐತೆ. ನಂಗೆ ಪುರುಸೊತ್ತಿಲ್ಲ!”

ನನಗೆ ಸಿಟ್ಟು ನೆತ್ತಿಗೇರಿತು. ಪರಶುರಾಮ್ ಅವರಿಗೆ ಫೋನ್ ಮಾಡಿದೆ. “ಬ್ಯಾಟರಿ ವಿಷ್ಯ ನಂಗೆ ಗೊತ್ತಾಗಲ್ಲ ಅಂತ ಅಲ್ಲೇ ಹೇಳ್ದೆ ಕಣವ್ವಾ. ನಿಮ್ಮಣ್ಣ ಡಿಕ್ಕಿ ಅಳತೆ ತಗೊಂತಿದ್ದ, ಕೇಳಿಸ್ಕೊಳ್ಳಲಿಲ್ಲ” ಎಂದರು. ಅವರನ್ನು ಬೈಯುವ ಹಾಗೂ ಇಲ್ಲ.

ಅಬ್ಬಾನ ಹತ್ತಿರ ಹೋದರೆ ಅವರದೂ ಅದೇ ರಾಗ. “ಸುದೀಪ್ ಒಳ್ಳೆ ಮನುಷ್ಯ ಕಣಮ್ಮ, ಸುಳ್ಳು ಹೇಳಲ್ಲ.”

“ಮನುಷ್ಯ ಒಳ್ಳೇನಾದ್ರೆ ಬ್ಯಾಟರಿ ಸವೆಯಲ್ವಾ ಅಬ್ಬಾ? ನೀವು ಹಳೇ ದೇಗು ತಗಳಾಕೆ ಹೋದಾಗ ಏನ್ ಮಾಡ್ತೀರಿ?”

“ಕಂಠಮಟ್ಟ ನೀರು ತುಂಬ್ಸಿ ಕುದಿಸಿ ನೋಡ್ತೀವಿ. ಬರೇ ಕಣ್ಣಿಗೆ ಬಿರುಕು ಕಾಣ್ತೈತಾ?”

“ಮತ್ತೆ ಕಾರಿಗೆ?”

ಅಬ್ಬಾ ಗಡ್ಡ ಕೆರೆದುಕೊಂಡರು. ಆಮೇಲೆ ಅಣ್ಣನನ್ನು ಕೂಗಿದರು. “ಫಯಾಜ್, ಶುಕ್ರವಾರ ದುಡ್ಡು ತಗೊಂಡು ಹೋಗಬ್ಯಾಡ. ದೇಗು ತಗೊಂಡು ಹೋಗು.”

ಹಾಗೆಯೇ ಆಯಿತು. ಟೆಂಪೋದಲ್ಲಿ ಚನ್ನಗಿರಿಗೆ ದೇಗು ಒಯ್ದೆವು. ಟೆಂಪೋ ಆವತ್ತೂ ತಡವೇ, ಅದು ಬಿಡಿ. ಕಾರಿಗೆ ಎರಡು ದೇಗು, ಒಲೆಗಳು, ಅಕ್ಕಿ ಮೂಟೆ ಹೇರಿದೆವು. ಅಣ್ಣ, ಸುದೀಪ್ ಮುಂದೆ ಹತ್ತಿದರು, ನಾನು ಹಿಂದೆ ಅಕ್ಕಿ ಮೂಟೆಯ ಮೇಲೆ ಕೂತೆ. ನೂರು ಪರ್ಸೆಂಟ್ ಚಾರ್ಜ್ ಇತ್ತು, ಎಸಿಯೂ ಇರಲಿ ಎಂದೆ. ಬಸವಾಪಟ್ಟಣ ದಾಟುವಾಗಲೇ ಎಪ್ಪತ್ತೈದಕ್ಕೆ ಇಳಿಯಿತು. ಹೊನ್ನಾಳಿ ಮುಟ್ಟಿದಾಗ ನಲವತ್ತೊಂಬತ್ತು. ಐವತ್ತು ಕಿಲೋಮೀಟರೂ ಇಲ್ಲದ ದಾರಿಗೆ ಅರ್ಧ ಬ್ಯಾಟರಿ ಖಾಲಿ!

“ಜಗಳೂರಿಗೆ ಇದ್ರ ಎರಡರಷ್ಟು ದಾರಿ ಭಾಯ್. ಊರ ಹೊರಗೆ ನಿಂತ್ರೆ ದೇಗು ತಲೆ ಮೇಲೆ ಹೊತ್ಕೊಂಡು ಹೋಗ್ತೀಯಾ?”

ಅಣ್ಣ ತಿರುಗಿ ದೇಗುಗಳ ಕಡೆ ನೋಡಿದ. ನ್ಯಾಮತಿಯ ಆ ತಂದೆ ನೆನಪಾಗಿರಬೇಕು. ಅಷ್ಟು ಸಿಟ್ಟಿನಲ್ಲೂ ನನಗೆ ಪಾಪ ಎನಿಸಿತು.

ಸುದೀಪ್ ಪೆಚ್ಚಾದರು. “ಊರೊಳಗೇ ಓಡಿಸ್ತಿದ್ದೆ ರೀ. ಇಷ್ಟು ಕಮ್ಮಿ ಆಗೈತೆ ಅಂತ ನಂಗೂ ಗೊತ್ತಿರಲಿಲ್ಲ.”

ಅವರು ಕಾರನ್ನು ಪಕ್ಕದ ಜಿಲ್ಲೆಯ ಸರ್ವಿಸ್ ಸೆಂಟರಿಗೆ ಒಯ್ದು ಚೆಕ್ ಮಾಡಿಸಿದರು. ಬ್ಯಾಟರಿಯ ಒಂದು ಭಾಗ ಕೆಟ್ಟಿತ್ತು. ವಾರಂಟಿ ಇನ್ನೂ ಇದ್ದುದರಿಂದ ಬಿಟ್ಟಿಯಾಗಿ ಬದಲಿಸಿಕೊಟ್ಟರು. ಆದರೆ ವಾರಂಟಿ ಕಾಗದದಲ್ಲಿ ಇನ್ನೊಂದು ಮಾತಿತ್ತು. ಕಂಪನಿಗೆ ತಿಳಿಸಿ ಹೆಸರು ಬದಲಿಸಿಕೊಳ್ಳದಿದ್ದರೆ, ಕಾರು ಎರಡನೆಯವರ ಕೈಗೆ ಹೋದ ದಿನವೇ ವಾರಂಟಿ ಮುಗಿಯುತ್ತದೆ. ಆ ಶುಕ್ರವಾರ ದುಡ್ಡು ಕೊಟ್ಟಿದ್ದರೆ ರಿಪೇರಿ ಖರ್ಚೆಲ್ಲ ನಮ್ಮ ತಲೆಗೇ ಬರುತ್ತಿತ್ತು.

ರಿಪೇರಿಗೆ ತಿಂಗಳು ಹಿಡಿಯಿತು. ಜಗಳೂರಿನ ಮದುವೆಗೆ ಟೆಂಪೋವನ್ನೇ ಮೂರು ಗಂಟೆ ಮೊದಲು ಬರಹೇಳಿ ದೇಗು ಒಯ್ದೆವು. ದಾರಿಯುದ್ದಕ್ಕೂ ಅಣ್ಣ ನನ್ನನ್ನೇ ಬೈದ. ಬೈಯಲಿ, ಊಟ ಹೊತ್ತಿಗೆ ಸರಿಯಾಗಿ ಎಲೆಗೆ ಬಿತ್ತು. ಆಮೇಲೆ ಅದೇ ಕಾರನ್ನು ಮತ್ತೆ ದೇಗು ಹೇರಿ ಓಡಿಸಿ ನೋಡಿಯೇ ಕೊಂಡೆವು. ಬ್ಯಾಟರಿ ರಿಪೋರ್ಟ್ ಕೈಗೆ ಬಂತು. ವಾರಂಟಿಯೂ ಕಾರಿನ ಮೊಬೈಲ್ ಆ್ಯಪ್ ಕೂಡ ಅಣ್ಣನ ಹೆಸರಿಗೆ ಆದವು. ಮನೆಯ ವೈರಿಂಗ್ ಚಾರ್ಜಿಂಗ್ ಭಾರ ತಾಳುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಬಂದು ನೋಡಿದ.

ಈಗ ಅಣ್ಣ ಟೀ ಅಂಗಡಿಯಲ್ಲಿ ಕೂತು, “ಮೊದ್ಲು ಬ್ಯಾಟರಿ ರಿಪೋರ್ಟ್ ಕೇಳ್ರಿ” ಎಂದು ಊರಿಗೆಲ್ಲ ಪಾಠ ಹೇಳುತ್ತಾನೆ. ನನ್ನ ಹೆಸರು ಮಾತ್ರ ಎತ್ತುವುದಿಲ್ಲ, ನೋಡಿ!

ಅಣ್ಣಂದಿರೇ, ಅಕ್ಕಂದಿರೇ, ಹಳೆಯ ಎಲೆಕ್ಟ್ರಿಕ್ ಕಾರು ಕೊಳ್ಳಿ, ಬೇಡ ಎನ್ನುವುದಿಲ್ಲ. ಕೊಳ್ಳುವ ಮೊದಲು ಬ್ಯಾಟರಿ ರಿಪೋರ್ಟ್ ಕೇಳಿ, ವಾರಂಟಿ ಕಾಗದ ಪೂರ್ತಿ ಓದಿಸಿ. ನೀವು ನಿತ್ಯ ಹೇರುವ ಭಾರವನ್ನೇ ಹೇರಿ, ನಿತ್ಯ ಹೋಗುವ ದಾರಿಯಲ್ಲೇ ಓಡಿಸಿ. ಮಾರುವವರು ಒಪ್ಪದಿದ್ದರೆ ದುಡ್ಡು ಜೇಬಿನಲ್ಲೇ ಇಟ್ಟುಕೊಂಡು ಬಸ್ಸು ಹತ್ತಿ. ಮತ್ತೆ, ಕಾರು ನೋಡಲು ಹೋಗುವಾಗ ಬ್ಯಾಟರಿ ತಿಳಿದವರನ್ನು ಕರೆದುಕೊಂಡು ಹೋಗಿ, ಅವರು ನಿಮ್ಮ ಮನೆಯ ಹೆಣ್ಣುಮಗಳೇ ಆಗಿದ್ದರೂ ಸರಿ.