ಟ್ರೇಲರಿನ ಬ್ರೇಕು ಹಿಡಿಯದ ದಿನ

ಯುದ್ಧ ಮುಗಿದ ಮರುವರ್ಷ ಹೊಳೆನರಸೀಪುರದ ಪಾಲಾಕ್ಷ ಮಿಲಿಟರಿಯವರ ಹರಾಜಿನಲ್ಲಿ ಒಂದು ಟ್ರೇಲರು ಹಿಡಿದು ತನ್ನ ಲಾರಿಯ ಹಿಂದೆ ಕಟ್ಟಿಕೊಂಡ. ಅದರ ಚಕ್ರಗಳಿಗೆ ಕರೆಂಟಿನ ಬ್ರೇಕು. ಸ್ಟೇರಿಂಗಿನ ಪಕ್ಕದ ಹಿಡಿ ಎಳೆದರೆ ಲಾರಿಯ ಬ್ಯಾಟರಿಯಿಂದ ಕರೆಂಟು ಹಿಂದಕ್ಕೆ ಹರಿದು ಟ್ರೇಲರಿನ ಚಕ್ರ ಬಿಗಿಯಬೇಕು. ಒಂದು ವಾರದಿಂದ ಅದು ಒಮ್ಮೆ ಬಿಗಿದರೆ ಒಮ್ಮೆ ಬಿಗಿಯುತ್ತಿರಲಿಲ್ಲ.

"ಮೇಸ್ತ್ರಿಗೆ ತೋರ್ಸಿ ಅಂದ್ರೆ ಕೇಳಲ್ಲ ನೀವು," ಎಂದಳು ಹೆಂಡತಿ ನೀಲಾಂಬಿಕೆ.

"ಲಾರಿ ಬ್ರೇಕು ಗಟ್ಟಿಯಾಗೈತೆ ಕಣೆ. ಹಿಂದಿಂದು ಹಿಡುದ್ರೇನು, ಬುಟ್ರೇನು?"

ಅವಳಿಗೆ ಅರಕಲಗೂಡಿನ ತವರಿಗೆ ಹೋಗುವುದಿತ್ತು. ಕಟ್ಟಾಯದಲ್ಲಿ ಲಾರಿಗೂ ಟ್ರೇಲರಿಗೂ ಆಲೂಗೆಡ್ಡೆ ಮೂಟೆ ತುಂಬಿದ ಮೇಲೆ ಆ ಲಾರಿಯಲ್ಲೇ ಹತ್ತಿ ಕೂತಳು.

ಗೊರೂರಿನ ಹತ್ತಿರ ರಸ್ತೆ ಹೊಳೆಯ ಕಡೆಗೆ ಇಳಿಯತೊಡಗಿತು. ಪಾಲಾಕ್ಷ ಹಿಡಿ ಎಳೆದ. ಏನೂ ಆಗಲಿಲ್ಲ. ಮತ್ತೆ ಎಳೆದ. ಕಾಲಿನ ಬ್ರೇಕು ಒತ್ತಿದೊಡನೆ ಹಿಂದಿನ ಭಾರವೆಲ್ಲ ಲಾರಿಯನ್ನು ಮುಂದಕ್ಕೆ ನೂಕಿತು. ನೀಲಾಂಬಿಕೆ ಹೊರಗೆ ಇಣುಕಿದಳು. ಟ್ರೇಲರು ಅಡ್ಡಡ್ಡ ತಿರುಗಿ ಅವಳ ಪಕ್ಕಕ್ಕೇ ಬರುತ್ತಿತ್ತು. ಮುಂದೆ ಒಂದು ಎತ್ತಿನ ಗಾಡಿ. ಅದರೊಳಗೆ ಕೂಸನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸೊಬ್ಬಳು ಇವರತ್ತಲೇ ನೋಡುತ್ತಿದ್ದಳು. ಅವಳ ಮೂಗುಬೊಟ್ಟು ಕಾಣುವಷ್ಟು ಗಾಡಿ ಹತ್ತಿರವಾಯಿತು.

"ಶಿವನೇ," ಎಂದ ಪಾಲಾಕ್ಷ.

ಅವನು ಲಾರಿಯನ್ನು ಬಲಕ್ಕೆಳೆದು ಮಣ್ಣಿನ ದಿಬ್ಬಕ್ಕೆ ನುಗ್ಗಿಸಿದ. ಮೂಟೆಗಳು ಒಡೆದು ಆಲೂಗೆಡ್ಡೆ ಎತ್ತುಗಳ ಕಾಲಡಿ ಉರುಳಿತು.

ಗಾಡಿಯ ಹೆಂಗಸು, ಬೆಟ್ಟಮ್ಮ, ಕೂಸನ್ನು ಎದೆಗವುಚಿಕೊಂಡೇ ಓಡಿ ಬಂದಳು. "ಪೆಟ್ಟಾಯ್ತೇನವ್ವಾ?"

ನೀಲಾಂಬಿಕೆ ಇಲ್ಲವೆಂದು ತಲೆಯಾಡಿಸಿದಳು. ಬಾಗಿಲು ಹಿಡಿದ ಕೈ ಬಿಡಿಸಿಕೊಳ್ಳಲು ಆಗಲಿಲ್ಲ. ಆ ಕೂಸಿನ ಕಾಲುಗಳನ್ನೇ ನೋಡುತ್ತಾ ಕೂತಳು.

ಪಾಲಾಕ್ಷ ಹೇಳಿಕಳಿಸಿದ ಮೇಲೆ ಮಧ್ಯಾಹ್ನ ಹಾಸನದಿಂದ ಹುಚ್ಚಯ್ಯ ಮೇಸ್ತ್ರಿ ಬಂದ. ಯುದ್ಧದ ಕಾಲದಲ್ಲಿ ಮಿಲಿಟರಿ ಗಾಡಿಗಳನ್ನು ರಿಪೇರಿ ಮಾಡಿದ್ದವನು. ಎರಡು ತಂತಿ ಕಟ್ಟಿದ ಬಲ್ಬು ತೆಗೆದು, ಪಾಲಾಕ್ಷನಿಗೆ ಹಿಡಿ ಎಳೆದು ಹಿಡಿದಿರಲು ಹೇಳಿದ. ಟ್ರೇಲರಿನ ವೈರು ಸಿಕ್ಕಿಸುವ ಲಾರಿಯ ಹಿಂದಿನ ಪ್ಲಗ್ಗಿಗೆ ಒಂದು ತಂತಿ, ಲಾರಿಯ ಕಬ್ಬಿಣಕ್ಕೆ ಇನ್ನೊಂದು ಮುಟ್ಟಿಸಿದ. ಬಲ್ಬು ಹತ್ತಿತು.

"ಇಲ್ಲಿಗಂಟ ಕರೆಂಟೈತೆ," ಎಂದ.

ಟ್ರೇಲರಿನ ಬ್ರೇಕು ವೈರಿಗೂ ಟ್ರೇಲರಿನ ಕಬ್ಬಿಣಕ್ಕೂ ಮುಟ್ಟಿಸಿದ. ಹತ್ತಲಿಲ್ಲ. ಎರಡನೆಯ ತಂತಿಯನ್ನು ಉದ್ದ ಮಾಡಿ ಲಾರಿಯ ಕಬ್ಬಿಣಕ್ಕೆ ತಾಕಿಸಿದಾಗ ಹತ್ತಿತು.

"ಕಂಡ್ರಾ ಪಾಲಾಕ್ಷಣ್ಣ? ಕರೆಂಟು ಬತ್ತದೆ, ವಾಪಸ್ ಓಗೋಕೆ ದಾರಿಯಿಲ್ಲ. ಅರ್ತ್ ವೈರು ಕೆಟ್ಟೈತೆ."

ಟ್ರೇಲರಿನಡಿ ಆ ವೈರಿನ ಬೋಲ್ಟು ತುಕ್ಕು ಹಿಡಿದಿತ್ತು. ಬೋಲ್ಟು, ಕಬ್ಬಿಣ ಎರಡನ್ನೂ ಹೊಳೆಯುವಂತೆ ಕೆರೆದು ಬಿಗಿದ. ಈಗ ಟ್ರೇಲರಿನ ಕಬ್ಬಿಣಕ್ಕೆ ಮುಟ್ಟಿಸಿದಾಗಲೂ ಬಲ್ಬು ಹತ್ತಿತು.

"ಇಷ್ಟೇನಾ?" ಎಂದ ಪಾಲಾಕ್ಷ.

"ಇಷ್ಟೇಯ. ಬಲ್ಬು ಹತ್ತಿದ್ರೂ ಬ್ರೇಕು ಹಿಡೀದಿದ್ರೆ ಚಕ್ರ ಬಿಚ್ಚಿ ನೋಡ್ಬೇಕು. ಒಳಗೆ ಗ್ರೀಸು ಸೇರಿರ್ತದೆ, ಇಲ್ಲಾ ಬ್ರೇಕಿನ ಪಟ್ಟಿ ಸವೆದಿರ್ತದೆ."

ಟ್ರೇಲರು ಖಾಲಿ ಮಾಡಿ, ಲಾರಿಯನ್ನು ದಿಬ್ಬದಿಂದ ಬಿಡಿಸಿ ಮಟ್ಟದ ಜಾಗಕ್ಕೆ ತಂದರು. ನಡಿಗೆಯ ವೇಗದಲ್ಲಿ ಹೋಗುತ್ತಾ ಪಾಲಾಕ್ಷ ಬರೀ ಹಿಡಿ ಎಳೆದ. ಟ್ರೇಲರು ಲಾರಿಯನ್ನು ಹಿಂದಕ್ಕೆ ಜಗ್ಗಿ ನಿಲ್ಲಿಸಿತು.

"ಇನ್ನೊಂದ್ಸಲ ಎಳೀರಿ," ಎಂದಳು ನೀಲಾಂಬಿಕೆ. ಎಳೆದ. "ಇನ್ನೂ ಒಂದ್ಸಲ."

ಮೂರನೆಯ ಸಲ ಎಳೆದು ಪಾಲಾಕ್ಷ ತಲೆ ತಗ್ಗಿಸಿದ. "ಇನ್ಮ್ಯಾಕೆ ಇದು ನೋಡ್ದೆ ಗಾಡಿ ಎತ್ತಲ್ಲ, ನೀಲಾ."

ಟ್ರೇಲರು ಎಳೆಯುವ ಅಣ್ಣಂದಿರೇ, ಹೊರಡುವ ಮುಂಚೆ ಪ್ಲಗ್ಗು, ವೈರು, ಅರ್ತ್ ಬೋಲ್ಟು ಕಣ್ಣಾರೆ ನೋಡಿ. ಮಟ್ಟದ ರಸ್ತೆಯಲ್ಲಿ ನಿಧಾನವಾಗಿ ಹೋಗುತ್ತಾ ಟ್ರೇಲರಿನ ಬ್ರೇಕು ಒಂದನ್ನೇ ಹಾಕಿ ನೋಡಿ. ಹಿಡಿಯದಿದ್ದರೆ, ಯಾರು ಅವಸರಪಡಿಸಲಿ, ಯಾರು ಬೈಯಲಿ, ಗಾಡಿ ನಿಂತಲ್ಲೇ ನಿಂತಿರಲಿ.