ಬೀರುವಿನ ಉಸಿರು

"ಬೆರಳು ಅಗಲಿಸು," ಎಂದಳು ಅಕ್ಕ.

ತಮ್ಮ ಅಗಲಿಸಿದ. ಅವಳು ಬಿಳಿ ಪಟ್ಟಿಯ ಕುಣಿಕೆಯನ್ನು ಅವನ ಹೆಬ್ಬೆರಳಿಗೆ ಸಿಕ್ಕಿಸಿ, ಮಣಿಕಟ್ಟಿಗೆ ಮೂರು ಸುತ್ತು ತಂದು, ಗೆಣ್ಣುಗಳ ಮೇಲೆ ದಪ್ಪನೆಯ ಮಡಿಕೆಯಿಟ್ಟು ಸುತ್ತತೊಡಗಿದಳು. ಬಟ್ಟೆ ಹೊಲಿಯುವವಳ ಕೈ ಅದು, ಒಂದು ಸುಕ್ಕು ಬಿದ್ದರೂ ಪೂರ್ತಿ ಬಿಚ್ಚಿ ಮೊದಲಿನಿಂದ ಶುರು ಮಾಡುವುದು. ಪಕ್ಕದಲ್ಲಿ ಬಾಕ್ಸಿಂಗ್ ಮಂಡಳಿಯ ಅಧಿಕಾರಿ ಪೆನ್ನು ಹಿಡಿದು ನಿಂತಿದ್ದ. ಪಟ್ಟಿಯೊಳಗೆ ಗಟ್ಟಿ ವಸ್ತು ಏನೂ ಸೇರಿಲ್ಲವೆಂದು ನೋಡಿ ಅದರ ಮೇಲೆಯೇ ಸಹಿ ಹಾಕುವುದು ಅವನ ಕೆಲಸ.

"ಬಿಗಿ ಆಯ್ತಾ?"

"ಇಲ್ಲ."

"ಮುಷ್ಟಿ ಕಟ್ಟು."

ಕಟ್ಟಿದ. ಅವಳ ಎರಡೂ ಅಂಗೈ ಸೇರಿದರೂ ಮುಚ್ಚಲಾರದ ಮುಷ್ಟಿ. ಅಧಿಕಾರಿ ಸಹಿ ಹಾಕಿ ಹೊರಗೆ ಹೋದ. ಹೋಗುವಾಗ ಒಂದು ಥರ ಪಾಪ ಎನ್ನುವ ನೋಟ ಬೀರಿ ಹೋದ. ಅವನಿಗೂ ವಿಷಯ ಗೊತ್ತಿತ್ತು. ಇವತ್ತು ಸೋತರೆ ಲೈಸೆನ್ಸ್ ಮುಂದುವರಿಸುವುದಿಲ್ಲವೆಂದು ಮಂಡಳಿ ಕಾಗದ ಕಳಿಸಿತ್ತು. ವಯಸ್ಸು ಮೂವತ್ತಾರು, ಸತತ ನಾಲ್ಕು ಸೋಲು, ಇನ್ನು ಸಾಕು ಎಂಬುದನ್ನೇ ತುಂಬ ಮರ್ಯಾದೆಯ ಭಾಷೆಯಲ್ಲಿ ಬರೆದಿದ್ದರು. ತಮ್ಮ ಆ ಕಾಗದವನ್ನು ಅಕ್ಕನ ಹೊಲಿಗೆ ಮಿಷನ್ನಿನ ಡ್ರಾಯರಿನಲ್ಲಿ ಬಾಬಿನ್‌ಗಳ ಕೆಳಗೆ ಇಟ್ಟು ಬಂದಿದ್ದ. ಬಾಕ್ಸಿಂಗ್ ಬಿಟ್ಟರೆ ತಾನು ಯಾರು ಎಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ, ಆದರೆ ಅಕ್ಕನಿಗೆ ಹೇಳಬೇಕಾಗಿಯೂ ಇರಲಿಲ್ಲ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನು ಮನೆ ಸಾಮಾನು ಸಾಗಿಸುವ ಕಂಪನಿಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಲಿಫ್ಟ್ ಕೆಟ್ಟಿತ್ತು, ಜೊತೆಗಾರ ರಜೆ ಹಾಕಿದ್ದ. ಇವನು ಕಬ್ಬಿಣದ ಬೀರುವೊಂದನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ಮೂರು ಮಹಡಿ ಹತ್ತಿದ. ಬಾಗಿಲು ತೆಗೆದ ಮನೆಯ ಯಜಮಾನ ಬೀರುವನ್ನು ನೋಡಲೇ ಇಲ್ಲ, ಅದರ ಕೆಳಗಿದ್ದ ಕಾಲುಗಳನ್ನು ನೋಡಿದ. ಆತ ಹಳೆಯ ಬಾಕ್ಸರ್, ಗ್ಯಾರೇಜೊಂದರ ಹಿಂದೆ ನಾಲ್ಕು ಮರಳು ಚೀಲ ನೇತುಹಾಕಿಕೊಂಡು ಬಾಕ್ಸಿಂಗ್ ಕಲಿಸುತ್ತಿದ್ದ ಮೇಷ್ಟ್ರು. "ಅದನ್ನ ಅಲ್ಲಿ ಇಳಿಸು. ನಾಳೆ ಬೆಳಿಗ್ಗೆ ಆರಕ್ಕೆ ಬಾ," ಎಂದರು. ಹೀಗೆ ಅವನ ಹೆಸರು ಬೀರು ಆಯಿತು. ಹೆತ್ತವರು ಇಟ್ಟ ಹೆಸರು ಲೈಸೆನ್ಸಿನ ಮೇಲೆ ಮಾತ್ರ ಉಳಿಯಿತು.

ಹೊಡೆತ ಎಂದರೆ ಅದು ಹೊಡೆತ. ಮೊದಲ ಹದಿಮೂರು ಪಂದ್ಯಗಳನ್ನೂ ಅವನು ಗೆದ್ದ. ಅದರಲ್ಲಿ ಹನ್ನೊಂದರಲ್ಲಿ ಎದುರಾಳಿ ಬಿದ್ದವನು ಏಳದೆ, ತೀರ್ಪುಗಾರರಿಗೆ ಅಂಕ ಬರೆಯುವ ಕೆಲಸವೇ ಇರಲಿಲ್ಲ. ಇಪ್ಪತ್ತೊಂಬತ್ತಕ್ಕೆ ಹೆವಿವೆಯ್ಟ್ ಬೆಲ್ಟ್ ಮನೆಗೆ ಬಂತು. ಅಕ್ಕ ಅದನ್ನು ಮಿಷನ್ನಿನ ಮೇಲೆ ಹರಡಿ, ಟೇಪು ಹಿಡಿದು ಅಳೆದು, "ಐವತ್ತೆರಡು ಇಂಚು. ಯಾವ ಪುಣ್ಯಾತ್ಮನ ಸೊಂಟಕ್ಕೆ ಹೊಲಿದಿದ್ದಾರೋ ಇದನ್ನ?" ಎಂದಳು. ಆ ದಿನ ಇಬ್ಬರೂ ನಕ್ಕಿದ್ದು ಪಕ್ಕದ ಅಂಗಡಿಗೂ ಕೇಳಿಸಿತ್ತು.

ಗೆದ್ದಾಗ ಕೈಪಟ್ಟಿ ಕತ್ತರಿಸುವವಳು ಅಕ್ಕ. ಕಾಗದಕ್ಕೂ ಮುಟ್ಟಿಸದೆ ಕಾಪಾಡಿಕೊಂಡಿದ್ದ ತನ್ನ ದೊಡ್ಡ ಕತ್ತರಿಯನ್ನು ಅವಳು ಅದಕ್ಕಾಗಿಯೇ ಚೀಲದಲ್ಲಿ ಬಟ್ಟೆ ಸುತ್ತಿ ತರುತ್ತಿದ್ದಳು. ಸೋತಾಗ ಅವನು ಯಾರ ಕೈಗೂ ಕೊಡದೆ ಗೋಡೆಯ ಕಡೆ ತಿರುಗಿ ಹಲ್ಲಿನಿಂದ ಕಿತ್ತುಕೊಳ್ಳುತ್ತಿದ್ದ. ಹೀಗೇ ಆಗಬೇಕೆಂದು ಯಾರೂ ಗೊತ್ತು ಮಾಡಿರಲಿಲ್ಲ.

ಬೆಲ್ಟ್ ಕಸಿದವನು ಎರಡು ವರ್ಷ ಅವನ ಜೊತೆಯಲ್ಲೇ ಅಭ್ಯಾಸ ಮಾಡಿದವನು. ಆಮೇಲೆ ಇನ್ನೂ ಮೂವರು ಬಂದರು, ಮೂವರೂ ಗೆದ್ದರು. ಬೀರುವಿನ ಬಲಗೈ ಮೊದಲಿನಷ್ಟೇ ಜೋರಾಗಿ ಹೋಗುತ್ತಿತ್ತು, ಹೋದಲ್ಲಿ ಯಾರೂ ಇರುತ್ತಿರಲಿಲ್ಲ. ಪತ್ರಿಕೆಯವನೊಬ್ಬ 'ಬೀರುವಿಗೆ ತುಕ್ಕು' ಎಂದು ಬರೆದು ಜಾಣನೆನಿಸಿಕೊಂಡ. ದೊಡ್ಡ ಕ್ರೀಡಾಂಗಣಗಳು ಹೋಗಿ, ವಾರದ ದಿನಗಳಲ್ಲಿ ಟೇಬಲ್ ಟೆನಿಸ್ ಆಡುವ ಸಭಾಂಗಣಗಳು ಬಂದವು. ಅವನು ಮತ್ತೆ ಸಾಮಾನು ಹೊರಲು ಹೋಗತೊಡಗಿದ.

ಇಷ್ಟೆಲ್ಲ ಪಂದ್ಯಗಳಿಗೂ ಅಕ್ಕ ಬಂದಿದ್ದಳು, ಒಂದನ್ನೂ ನೋಡಿರಲಿಲ್ಲ. ಅವನ ಮೂಲೆಗೆ ಅಂಟಿದಂತಿದ್ದ ಕುರ್ಚಿಯಲ್ಲಿ ಚೀಲ ಅಪ್ಪಿಕೊಂಡು ಕೂರುವಳು. ಗಂಟೆ ಹೊಡೆದೊಡನೆ ಕಣ್ಣು ಮುಚ್ಚುವಳು. "ನೋಡೋಕಾಗ್ದಿದ್ರೆ ಯಾಕ್ ಬರ್ತೀಯಕ್ಕಾ?" ಎಂದು ಅವನು ಕೇಳಿದರೆ, "ನಾನ್ ಬರ್ದಿದ್ರೆ ಕೈ ಯಾರು ಕಟ್ತಾರೆ?" ಎನ್ನುವಳು.

ಆರು ವಾರದ ಹಿಂದೆ ಅವಳ ಅಂಗಡಿಗೆ ಬಣ್ಣ ಹೊಡೆಸಬೇಕಾಗಿ ಬಂತು. ಕಬ್ಬಿಣದ ಕಾಲಿನ ಹಳೆಯ ಮಿಷನ್ನನ್ನು ಸರಿಸಲು ತಮ್ಮ ಬಂದ. ಅಕ್ಕ ಅವನಿಗೆ ಬೆನ್ನು ಹಾಕಿ ಕೂತು ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವನು ಮೂಗಿನಿಂದ ಸೊರ್ರೆಂದು ಉಸಿರೆಳೆದ. ಅವಳು ತಿರುಗಿ ನೋಡದೆಯೇ ಕಾಲು ಮೇಲೆತ್ತಿಕೊಂಡಳು. ಮರುಕ್ಷಣ ಮಿಷನ್ನು ಅವಳ ಕಾಲಿದ್ದ ಜಾಗದಲ್ಲೇ ಹಾದುಹೋಯಿತು. ದಾರ ಅವಳ ಕೈಯಲ್ಲೇ ಉಳಿಯಿತು.

"ಇನ್ನೊಂದ್ಸಲ ಎತ್ತು," ಎಂದಳು.

"ಯಾಕೆ, ಅಲ್ಲೇ ಸರಿಯಾಗಿತ್ತಾ?"

"ಎತ್ತು ಅಂದ್ನಲ್ಲ."

ಎತ್ತಿದ. ಮತ್ತೆ ಅದೇ ಸದ್ದು.

"ಈ ಸದ್ದು ರಿಂಗಲ್ಲೂ ಕೇಳ್ಸುತ್ತೆ ಕಣೋ. ಮೊದ್ಲೆಲ್ಲ ಇದಾದ್ಮೇಲೆ ಧಪ್ ಅಂತ ಕೇಳ್ತಿತ್ತು. ಈಗ ಏನೂ ಕೇಳಲ್ಲ. ಬಲಗೈ ಬೀಸೋ ಮುಂಚೆ ನೀನು ಮೂಗೆಳೀತೀಯ. ಕಣ್ ಮುಚ್ಕೊಂಡು ಕೂತಿರೋ ನಂಗೇ ಗೊತ್ತಾಗುತ್ತೆ ಅಂದ್ರೆ, ಕಣ್ ಬಿಟ್ಕೊಂಡು ಎದುರಿಗೆ ನಿಂತೋನಿಗೆ ಗೊತ್ತಾಗಲ್ವಾ?"

ಮಿಷನ್ನನ್ನು ಹಾಗೆಯೇ ಎದೆಗೊತ್ತಿ ಹಿಡಿದುಕೊಂಡು ಅವನು ಬಹಳ ಹೊತ್ತು ನಿಂತಿದ್ದ. ಮೊದಲು ಉಸಿರು, ಆಮೇಲೆ ಭಾರ, ಇಲ್ಲದಿದ್ದರೆ ಸೊಂಟ ಹೋಗುತ್ತದೆ ಎಂದು ಕಂಪನಿಯ ಮೇಸ್ತ್ರಿ ಮೊದಲ ದಿನವೇ ಕಲಿಸಿದ್ದ ಪಾಠ ಅದು. ಜೊತೆಯಲ್ಲಿ ಅಭ್ಯಾಸ ಮಾಡಿದವನು ಅದನ್ನು ಕಂಡುಕೊಂಡಿದ್ದ, ಅವನಿಂದ ಉಳಿದವರು ತಿಳಿದುಕೊಂಡಿದ್ದರು. ತಿಳಿಯದೆ ಹೋದವರು ಮೇಷ್ಟ್ರು. ಅವರ ಎಡಗಿವಿ ಏಟು ತಿಂದು ಹೂಕೋಸಾಗಿತ್ತು, ಬಲಗಿವಿಯದೂ ಅಷ್ಟಕ್ಕಷ್ಟೆ. ಸೋತ ಪಂದ್ಯಗಳ ವಿಡಿಯೋಗಳನ್ನು ನೂರು ಸಲ ನೋಡಿದ್ದರು, ಎಲ್ಲವನ್ನೂ ಸದ್ದು ನಿಲ್ಲಿಸಿ.

ಎರಡು ವಾರ ಅವನು ಆ ಅಭ್ಯಾಸ ಬಿಡಲು ಒದ್ದಾಡಿದ. ಬಾಯಿಗೆ ನೀರು ತುಂಬಿಕೊಂಡು ಹೊಡೆದ, ಮೂಗಿಗೆ ಕ್ಲಿಪ್ಪು ಹಾಕಿಕೊಂಡು ಹೊಡೆದ. ಉಸಿರು ನಿಂತರೆ ಹೊಡೆತವೂ ಸತ್ತುಹೋಗುತ್ತಿತ್ತು. ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗಲೂ ದಾರಿ ತೋರಿದವಳು ಅಕ್ಕನೇ.

"ಬಟ್ಟೇಲಿ ತೂತಿದ್ರೆ ನಾನು ಬಟ್ಟೆ ಬಿಸಾಕ್ತೀನಾ? ಅಲ್ಲೇ ಜೇಬು ಹೊಲೀತೀನಿ. ಬಿಡೋಕಾಗ್ದಿದ್ರೆ ಬಿಡ್ಬೇಡ. ಮೂಗೆಳಿ. ಆದ್ರೆ ಎಡಗೈಲಿ ಹೊಡಿ."

ಮೇಷ್ಟ್ರು ಕಿವಿಗೆ ಕೈಯಿಟ್ಟು, "ಇನ್ನೊಂದ್ಸಲ ಹೇಳಮ್ಮಾ," ಎಂದರು. ಕೇಳಿಸದೆ ಅಲ್ಲ.

ಅಕ್ಕ ಕೈ ಕಟ್ಟಿ ಕಳಿಸಿದ ಆ ಭಾನುವಾರ ಮಧ್ಯಾಹ್ನ ರಿಂಗಿನಲ್ಲಿ ಎದುರಿಗಿದ್ದವನು ಇಪ್ಪತ್ತಾರರ ಜವ್ವನಿಗ, ಒಂದೂ ಪಂದ್ಯ ಸೋಲದವನು. ಅವನ ಕಡೆಯವರು ಬೀರುವನ್ನು ಕರೆಸಿದ್ದು ಹತ್ತಿಹೋಗುವ ಮೆಟ್ಟಿಲೆಂದು. ಎಂಟು ಸುತ್ತಿನ ಪಂದ್ಯ. ಎಡಗೈಯ ಗುಟ್ಟು ಐದು ಸುತ್ತು ಮುಗಿಯುವ ತನಕ ಹೊರಬೀಳಕೂಡದೆಂದು ಮೇಷ್ಟ್ರು ಕಟ್ಟಪ್ಪಣೆ ಮಾಡಿದ್ದರು. ಜವ್ವನಿಗನಿಗೆ ಆ ಉಸಿರಿನ ಮೇಲೆ ಪೂರ್ತಿ ನಂಬಿಕೆ ಹುಟ್ಟಬೇಕಿತ್ತು.

ಐದು ಸುತ್ತು ಎಂದರೆ ಹದಿನೈದು ನಿಮಿಷದ ಏಟು. ಅಕ್ಕ ಕಣ್ಣು ಮುಚ್ಚಿ ಕೂತಿದ್ದಳು. ಉಸಿರು ಕೇಳುವುದು, ಗಾಳಿ ಸೀಳುವುದು, ಆಮೇಲೆ ತಮ್ಮನ ಪಕ್ಕೆಗೆ ಏಟು ಬೀಳುವುದು. ಹಿಂದಿನ ಸಾಲಿನವನೊಬ್ಬ, "ಗುಜರಿಗೆ ಹಾಕ್ರೋ ಆ ಬೀರೂನ," ಎಂದು ಕೂಗಿದ, ಸುತ್ತಲಿದ್ದವರು ನಕ್ಕರು. ನಾಲ್ಕನೇ ಸುತ್ತಿನಲ್ಲಿ ನೆಲದ ಹಲಗೆ ದಡಾರೆಂದಿತು. ರೆಫರಿ ಎಣಿಸತೊಡಗಿದ. ಅಕ್ಕ ಚೀಲದೊಳಗೆ ಕೈ ಹಾಕಿ ಬಟ್ಟೆಯ ಮೇಲಿಂದಲೇ ಕತ್ತರಿಯನ್ನು ಹಿಡಿದುಕೊಂಡಳು. ಎಂಟರವರೆಗೆ ಎಣಿಕೆ ಬಂದು ನಿಂತಿತು. ಷೂಗಳು ಮತ್ತೆ ನೆಲಕ್ಕೆ ಉಜ್ಜುವ ಸದ್ದು ಕೇಳಿಸಿತು. ಆ ಸದ್ದು ಅವಳಿಗೆ ಗೊತ್ತು, ಅವನು ಎದ್ದಿದ್ದ.

ಐದನೇ ಸುತ್ತು ಮುಗಿದಾಗ ಸ್ಟೂಲಿನ ಮೇಲೆ ಕೂತವನ ಹುಬ್ಬಿಗೆ ಮೇಷ್ಟ್ರು ವ್ಯಾಸಲಿನ್ ಒತ್ತುತ್ತಿದ್ದರು. "ಪಾಯಿಂಟಲ್ಲಿ ಹೋಯ್ತು ಪಂದ್ಯ, ಅದರ ಮಾತು ಬಿಡು. ಅವನು ಈಗ ನಿನ್ನ ಕೈ ನೋಡ್ತಾನೇ ಇಲ್ಲ, ಬರೀ ಮೂಗು ಕೇಳ್ತಿದ್ದಾನೆ. ಹೋಗಿ ಜೇಬು ಹೊಲಿ."

ಆರನೇ ಸುತ್ತು ಶುರುವಾಗಿ ಒಂದು ನಿಮಿಷವಾಗಿರಬೇಕು. ಸೊರ್ರೆಂದು ಉಸಿರು ಕೇಳಿಸಿತು. ಅಕ್ಕ ಕಾಲು ಮೇಲೆತ್ತಿಕೊಂಡಳು. ಜವ್ವನಿಗ ಐದು ಸುತ್ತೂ ಮಾಡಿದ್ದಂತೆ ನಗುನಗುತ್ತ ಬಾರದ ಬಲಗೈಯಿಂದ ತಪ್ಪಿಸಿಕೊಂಡು ಇನ್ನೊಂದು ಪಕ್ಕಕ್ಕೆ ವಾಲಿದ. ಅಲ್ಲಿ ಎಡಗೈ ಬರುತ್ತಿತ್ತು.

ಧಪ್.

ಮೂರು ವರ್ಷದಿಂದ ಕೇಳದ ಸದ್ದು. ಆಮೇಲೆ ಹಲಗೆ ದಡಾರೆಂದಿತು, ಆಮೇಲೆ ಸಭಾಂಗಣವೇ ಗಪ್‌ಚಿಪ್ಪಾಯಿತು. ಬಿದ್ದವನು ಯಾರು? ರೆಫರಿಯ ಎಣಿಕೆ ನಾಲ್ಕು ದಾಟಿತು, ಐದು ದಾಟಿತು. ಷೂ ಉಜ್ಜುವ ಸದ್ದಿಲ್ಲ. ಪಕ್ಕದ ಕುರ್ಚಿಯ ಮುದುಕಿ ಅವಳ ಮೊಣಕೈ ಅಲುಗಿಸಿ, "ಕಣ್ ಬಿಡಮ್ಮಾ, ನಿಮ್ಮೋನು ನಿಂತಿದ್ದಾನೆ," ಎಂದಳು.

ಅಕ್ಕ ಕಣ್ಣು ಬಿಟ್ಟಳು. ಹದಿನೇಳು ವರ್ಷದಲ್ಲಿ ಮೊದಲ ಸಲ ಅವಳು ತಮ್ಮನನ್ನು ರಿಂಗಿನೊಳಗೆ ನೋಡಿದಳು. ದೂರದ ಮೂಲೆಯಲ್ಲಿ ಹಗ್ಗಕ್ಕೆ ತೋಳು ಚಾಚಿ, ಒರಗದೆ ನೆಟ್ಟಗೆ ನಿಂತಿದ್ದ. ಇಷ್ಟು ಅಗಲದ ಎದೆಯೇ ಇವನದು ಎನ್ನಿಸಿತು. ತಾನೇ ಹೊಲಿದ ಚಡ್ಡಿಯ ಅಂಚು ಬಿಚ್ಚಿಕೊಂಡು ದಾರವೊಂದು ತೊಡೆಯ ಮೇಲೆ ಜೋತಾಡುತ್ತಿತ್ತು. ರೆಫರಿ ಹತ್ತು ಎಂದು ಕೈ ಬೀಸಿದ. ಗುಜರಿಯವನೂ ಸೇರಿ ಸಭಾಂಗಣವೆಲ್ಲ ಎದ್ದು ನಿಂತು "ಬೀರು, ಬೀರು" ಎಂದು ಕುರ್ಚಿ ಬಡಿಯತೊಡಗಿತು. ಅಕ್ಕನಿಗೆ ಅಳು ಬಂತು, ಸಂಕೋಚವಿಲ್ಲದೆ ಅತ್ತಳು. ಆದರೆ ಕಣ್ಣು ಮಾತ್ರ ಮತ್ತೆ ಮುಚ್ಚಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಮೇಷ್ಟ್ರು ಅವನ ಗ್ಲೌಸ್ ಬಿಚ್ಚಿ ಹೊರಗೆ ಹೋದರು. ಅಲ್ಲಿ ಪತ್ರಿಕೆಯವರು ಕಾಯುತ್ತಿದ್ದರು; ಏನು ಕೇಳಿದರೂ ಮೇಷ್ಟ್ರು ಬೇಕಂತಲೇ "ಆಂ?" ಎನ್ನುತ್ತಿದ್ದುದು ಒಳಗೂ ಕೇಳಿಸುತ್ತಿತ್ತು. ತಮ್ಮ ಬೆಂಚಿನ ಮೇಲೆ ಕೂತಿದ್ದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಗೋಡೆಯ ಕಡೆ ತಿರುಗದೆ ಎರಡೂ ಕೈಗಳನ್ನು ಅಕ್ಕನ ಮುಂದೆ ಚಾಚಿದ. ಬೆವರಿಗೆ ಅಧಿಕಾರಿಯ ಸಹಿ ಹರಡಿಕೊಂಡಿತ್ತು.

ಅವಳು ಚೀಲದಿಂದ ಬಟ್ಟೆಯ ಸುರುಳಿ ತೆಗೆದು ಬಿಚ್ಚಿದಳು.

"ಮೂರು ವರ್ಷ ಆಯ್ತು, ತುಕ್ಕು ಹಿಡಿದಿರ್ಬೇಕು," ಎಂದ ಅವನು.

ಅಕ್ಕ ಬಗ್ಗಿ ಮೊದಲು ಅವನ ಚಡ್ಡಿಯಿಂದ ಜೋತಿದ್ದ ದಾರವನ್ನು ಕತ್ತರಿಸಿದಳು. ಆಮೇಲೆ ಅವನ ಎಡಗೈಯನ್ನು ತನ್ನ ಮಡಿಲಿಗೆಳೆದುಕೊಂಡು ಮಣಿಕಟ್ಟಿನ ಹತ್ತಿರ ಪಟ್ಟಿಯೊಳಗೆ ಕತ್ತರಿ ತೂರಿಸಿದಳು. ಅದು ಎಲ್ಲೂ ತಡೆಯದೆ ಗೆಣ್ಣಿನವರೆಗೆ ಒಂದೇ ಸಮನೆ ಓಡಿತು. ಬೇರೆಯಾದ ಪಟ್ಟಿಯ ಬಿಳಿ ಅಂಚಿಗೆ ಕತ್ತರಿಯ ಅಲಗಿನಿಂದ ಮಿಷನ್ ಎಣ್ಣೆಯ ಹಸಿ ಕಲೆ ಹತ್ತಿತ್ತು. ಅವನು ತೆರೆದಿದ್ದ ಒಂದು ಕಣ್ಣಿನಿಂದ ಅದನ್ನೇ ನೋಡುತ್ತಿದ್ದ.

"ಇನ್ನೊಂದು ಕೈ ಕೊಡು," ಎಂದಳು ಅಕ್ಕ.